ಮಂಗಳಾ ಹೆಸರಿನ ಎರಡು ಬೇರು

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಸಣ್ಣತನ ಎಂದು ದಾಕ್ಷಾಯಿಣಿಗೆ ಗೊತ್ತಿತ್ತು. ಗೊತ್ತಿದ್ದೂ ಪಡುತ್ತಿದ್ದಳು. ಮನೆಯ ಹಾಲ್‌ನಲ್ಲಿದ್ದ ಮಂಗಳಾಳ ಫೋಟೊ ಅವಳಿಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಗಾಜು ಒರೆಸಿ, ಒಂದು ಹೂ ಸಿಕ್ಕಿಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಫೋಟೊ ಬಾಯಿ ಮುಚ್ಚಿಕೊಂಡಿರುತ್ತದೆ. ಲ್ಯಾಬಿನ ಕಂಪ್ಯೂಟರ್ ಹಾಗಲ್ಲ, ಅದೇ ತೊಂದರೆ.

ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಗಂಡ ಉಮಾಪತಿಯ ರಕ್ತಪರೀಕ್ಷೆಯ ಲ್ಯಾಬ್ ಇತ್ತು. ಕೆಳಗೆ ಲ್ಯಾಬ್, ಮೇಲೆ ಮನೆ. ಊರಲ್ಲಿ ಬೇರೆ ಲ್ಯಾಬ್‌ಗಳಿದ್ದರೂ ಜನ ಇಲ್ಲಿಗೇ ಹುಡುಕಿಕೊಂಡು ಬರುತ್ತಿದ್ದುದು ಸಾಲುಚೀಟಿಗಾಗಿ. ರಿಪೋರ್ಟು ಎಲ್ಲ ಕಡೆಯಂತೆ ಇಂಗ್ಲಿಷಿನಲ್ಲೇ ಇರುತ್ತಿತ್ತು, ಬರೀ ಅಂಕಿಗಳು. ಅದರ ಬೆನ್ನಿಗೆ ಪಿನ್ನು ಹೊಡೆದ ಅಂಗೈಯಗಲದ ಇನ್ನೊಂದು ಕಾಗದದಲ್ಲಿ, ಈ ಅಂಕಿಗಳು ಏನು ಹೇಳುತ್ತಿವೆ ಎಂದು ಕನ್ನಡದಲ್ಲಿ ಮೂರು ನಾಲ್ಕು ಸಾಲು. ಈ ಪದ್ಧತಿ ಶುರು ಮಾಡಿದವಳು ಉಮಾಪತಿಯ ಮೊದಲ ಹೆಂಡತಿ ಸರ್ವಮಂಗಳಾ. ಅವಳು ತೀರಿಹೋಗಿ ನಾಲ್ಕು ವರ್ಷವಾಗುತ್ತ ಬಂದಿತ್ತು. ಚೀಟಿ ಮಾತ್ರ ಈಗಲೂ ‘ಮಂಗಳಮ್ಮನ ಚೀಟಿ’ಯೇ.

ಆ ದಿನ ಬಂದವರು ರುದ್ರಯ್ಯ. ನಿವೃತ್ತ ಬಸ್ ಕಂಡಕ್ಟರು; ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ತಪ್ಪದೆ ಹಾಜರು. ದಾಕ್ಷಾಯಿಣಿ ಅವರ ಹೆಸರು, ವಯಸ್ಸು, ಅಂಕಿ ತುಂಬಿಸಿ, ಅರ್ಧವಿರಾಮದ ಕೀಲಿ ಒತ್ತಿ ‘ಸಕ್’ ಎಂದು ಹೊಡೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಎರಡಕ್ಷರ ಮಾಯವಾಗಿ ಅಲ್ಲಿ ಸಾಲುಗಳು ಬಿಚ್ಚಿಕೊಂಡವು.

‘ರುದ್ರಯ್ಯನವರೇ, ಸಕ್ಕರೆ ಹೋದ ತಿಂಗಳಿಗಿಂತ ಒಂದು ಮೆಟ್ಟಿಲು ಇಳಿದಿದೆ. ಇಳಿಯಿತಲ್ಲ ಎಂಬ ಸಂತೋಷಕ್ಕೆ ಹೋಳಿಗೆ ತಿಂದುಬಿಡಬೇಡಿ, ಅದು ಮೆಟ್ಟಿಲು ಹತ್ತೋದರಲ್ಲಿ ನಿಮಗಿಂತ ಚುರುಕು. ಬೆಳಗಿನ ನಡಿಗೆ ಬಿಡಬೇಡಿ. ಮಾತ್ರೆ ಹೆಚ್ಚೋ ಕಡಿಮೆಯೋ ಡಾಕ್ಟರನ್ನೇ ಕೇಳಿ.’

ರುದ್ರಯ್ಯ ಕನ್ನಡಕ ಏರಿಸಿ ಓದಿದರು. ಹೊಟ್ಟೆ ಕುಲುಕುವಂತೆ ನಕ್ಕರು. ಕೊನೆಗೆ ಕಣ್ಣೊರೆಸಿಕೊಂಡು, “ಪುಣ್ಯಾತ್ಗಿತ್ತಿ ಕಣಮ್ಮ ಮಂಗಳಮ್ಮ. ಹೋದ್ಮೇಲೂ ನಮ್ಮನ್ನ ನೋಡ್ಕೊಳ್ತಾ ಅವ್ಳೆ” ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. “ನೀನೂ ದಿನಾ ಇದನ್ನ ಓದ್ತೀಯಲ್ಲ, ಹಂಗೇ ಒಂಚೂರು ಕಲ್ತ್ಕೊಳವ್ವ.”

“ಆಗಲಿ ಯಜಮಾನ್ರೆ” ಎಂದಳು ದಾಕ್ಷಾಯಿಣಿ. ಮುಖದಲ್ಲಿ ನಗು, ಹೊಟ್ಟೆಯೊಳಗೆ ಮೆಣಸಿನಕಾಯಿ.

ಆ ಎರಡಕ್ಷರವನ್ನು ನಾಲ್ಕು ಸಾಲು ಮಾಡುತ್ತಿದ್ದ ತಂತ್ರಾಂಶದ ಹೆಸರು ಮೊಳಕೆ. ಹಿಂದೆಯೂ ಇಂಥವು ಇದ್ದವು: ಒಂದು ಗುರುತು ಹೊಡೆದರೆ ಮೊದಲೇ ತುಂಬಿಸಿಟ್ಟ ಮಾತು ಹಾಗೇ ಬಂದು ಕೂರುತ್ತಿತ್ತು, ಪ್ರತಿ ಸಲವೂ ಅದೇ ಮಾತು. ಮೈಸೂರಿನ ನಾಲ್ಕಾರು ಎಂಜಿನಿಯರುಗಳು ಸೇರಿ ಮಾಡಿದ ಮೊಳಕೆ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅದು ಮಾತನ್ನಲ್ಲ, ಮಾತಾಡುವ ರೀತಿಯನ್ನು ಕೂಡಿಡುತ್ತಿತ್ತು. ಕೂತವರು ಬಂದ ಸಾಲನ್ನು ಎಲ್ಲಿ ತಿದ್ದಿದರು, ಯಾವ ಪದ ಕಿತ್ತು ಯಾವುದನ್ನು ಹಾಕಿದರು ಎಂಬುದನ್ನು ನೋಡಿ ನೋಡಿ, ಆರೆಂಟು ತಿಂಗಳಲ್ಲಿ ಅವರು ಇನ್ನೂ ಬರೆದಿರದ ಸಾಲನ್ನು ಅವರ ಹಾಗೆಯೇ ಬರೆಯುತ್ತಿತ್ತು. ಹೀಗೆ ಕೂಡಿಟ್ಟದ್ದಕ್ಕೆ ಅದು ‘ಬೇರು’ ಎನ್ನುತ್ತಿತ್ತು. ಬೆರಳು ಕೀಲಿಯಿಂದ ಕೀಲಿಗೆ ಹೋಗುವ ಲಯದಿಂದಲೇ ಕೂತ ಕೈ ಯಾರದೆಂದು ಅದು ಹಿಡಿಯುತ್ತದಂತೆ. ಕೊಂಡ ದಿನ ಮಂಗಳಾ ಬೀದಿಗೆಲ್ಲ ಹೇಳಿದ್ದಳಂತೆ: ನಾನು ಎರಡಕ್ಷರ ಹೊಡೆದರೆ ಸಾಕು, ಮಿಕ್ಕಿದ್ದನ್ನು ಇದೇ ಬರೆಯುತ್ತೆ, ಥೇಟ್ ನನ್ನ ಹಾಗೇ. ಅಂಥ ಮಾತು ಊರಿನವರು ಮರೆಯುತ್ತಾರೆಯೇ?

ಮಂಗಳಾ ಹೋದ ಮೇಲೆ ಸುಮಾರು ಎರಡು ವರ್ಷ ಉಮಾಪತಿಯೇ ಗುರುತು ಹೊಡೆದು, ಬಂದದ್ದನ್ನು ಓದದೆ ಪಿನ್ನು ಹೊಡೆದು ಕೊಡುತ್ತಿದ್ದ. ದಾಕ್ಷಾಯಿಣಿ ಈ ಕುರ್ಚಿಗೆ ಬಂದು ಎರಡು ವರ್ಷ. ಅದಕ್ಕೂ ಮೊದಲು ದಾವಣಗೆರೆಯ ಒಂದು ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಒಂಬತ್ತು ವರ್ಷ ಕೂತು, ಹೆದರಿಕೊಂಡು ಬಂದವರನ್ನು ಸಮಾಧಾನ ಮಾಡುವುದೇ ಕೆಲಸವಾಗಿತ್ತು. ಅವಳ ತಾಯಿ ಅದೇ ಊರಲ್ಲಿ ಖಾನಾವಳಿ ನಡೆಸಿದವಳು. ಮದುವೆಯಾದ ಮಾರನೆಯ ಸೋಮವಾರ ಉಮಾಪತಿ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದ. ಪರದೆಯ ಅಂಚಿಗೆ ಮಂಗಳಾಳ ಹೆಸರು, ಪಾಸ್‌ವರ್ಡ್ ಬರೆದ ಚೀಟಿ ಅಂಟಿತ್ತು. ಸಣ್ಣ ಜಾಗಗಳಲ್ಲಿ ಎಲ್ಲ ಕಡೆಯೂ ಇದೇ ತಾನೆ. ಒಬ್ಬರ ಹೆಸರಲ್ಲಿ ತೆರೆದದ್ದರಲ್ಲೇ ಮುಂದಿನವರೆಲ್ಲ ಕೆಲಸ ಮಾಡುವುದು. ಅವಳು ಹತ್ತು ನಿಮಿಷ ಟೈಪು ಮಾಡುವಷ್ಟರಲ್ಲಿ ಒಂದು ಚೌಕ ಎದ್ದು ಬಂತು: ‘ಹೊಸ ಕೈ ಕಾಣಿಸುತ್ತಿದೆ. ಹೆಸರು ಬದಲಿಸಲೇ?’ ಉಮಾಪತಿ ಅವಳ ಭುಜದ ಮೇಲಿಂದ ಕೈಚಾಚಿ ‘ಬೇಡ’ ಒತ್ತಿದ. ಒತ್ತಿ, ಏನೂ ಹೇಳದೆ ಒಳಗೆ ಹೋದ. ದಾಕ್ಷಾಯಿಣಿಯೂ ಕೇಳಲಿಲ್ಲ. ಮದುವೆಯಾದ ಮೊದಲ ವಾರದಲ್ಲಿ ಸತ್ತವಳ ಹೆಸರು ಅಳಿಸಿ ಎನ್ನಲು ಯಾವ ಹೆಂಗಸಿಗೆ ಬಾಯಿ ಬರುತ್ತದೆ?

ಮೊದಮೊದಲು ಅವಳು ಬಂದ ಸಾಲುಗಳನ್ನು ಕೆಲಸದ ಅವಸರದಲ್ಲೇ ಅಲ್ಲಿ ಇಲ್ಲಿ ತಿದ್ದುತ್ತಿದ್ದಳು, ಒಂದೆರಡು ಪದ, ಎಲ್ಲೋ ಒಂದು ಸಾಲು; ಒಟ್ಟು ಎಷ್ಟು ತಿದ್ದಿದಳೆಂಬ ಲೆಕ್ಕ ಅವಳಿಗೇ ಇರಲಿಲ್ಲ. ಬರುಬರುತ್ತ ತಿದ್ದುವ ಅಗತ್ಯವೇ ಇಲ್ಲವಾಯಿತು. ಸಾಲುಗಳು ಅಷ್ಟು ಚೆನ್ನಾಗಿ ಬರುತ್ತಿದ್ದವು. ಎಷ್ಟು ಚೆನ್ನಾಗಿ ಬರುತ್ತಿದ್ದವೋ ಅಷ್ಟು ಅವಳಿಗೆ ಉರಿಯುತ್ತಿತ್ತು. ರಕ್ತ ಕಡಿಮೆಯಿದ್ದ ಬಾಣಂತಿಗೆ ಒಮ್ಮೆ ಹೀಗೆ ಬಂತು: ‘ನಿಮ್ಮ ರಕ್ತ ನೀರು ಹೆಚ್ಚಾದ ಮಜ್ಜಿಗೆಯ ಹಾಗಿದೆ, ತಾಯಿ. ಮಜ್ಜಿಗೆ ಕೆಟ್ಟಿಲ್ಲ, ಗಟ್ಟಿಯಾಗಬೇಕು ಅಷ್ಟೆ.’ ಅದನ್ನು ಓದಿ ದಾಕ್ಷಾಯಿಣಿ ಹಲ್ಲು ಕಚ್ಚಿದಳು. ಇದು ನಮ್ಮವ್ವ ಖಾನಾವಳಿಯಲ್ಲಿ ಕೂತು ಆಡುವಂಥ ಮಾತು. ಇದನ್ನೂ ಇವಳೇ ಮೊದಲು ಆಡಿಟ್ಟು ಹೋಗಿದ್ದಾಳಲ್ಲ! ನನಗೆ ಅಂತ ಒಂದು ಮಾತನ್ನಾದರೂ ಉಳಿಸಬಾರದಿತ್ತೇ?

ಊರಿನವರು ಏನಾದರೂ ಅಂದುಕೊಳ್ಳಲಿ, ತಡೆದುಕೊಳ್ಳುತ್ತಿದ್ದಳು. ಅವಳಿಗೆ ತಡೆಯಲಾಗದೆ ಇದ್ದದ್ದು ಇಂಚರಾಳ ವಿಷಯ.

ಇಂಚರಾ ಮಂಗಳಾಳ ಮಗಳು. ತಾಯಿ ಹೋದಾಗ ಎಂಟು ವರ್ಷ, ಈಗ ಹನ್ನೆರಡು. ಕೆಟ್ಟ ಹುಡುಗಿಯಲ್ಲ. “ಚಿಕ್ಕಮ್ಮ” ಎಂದು ಮರ್ಯಾದೆಯಿಂದ ಕರೆಯುತ್ತಿದ್ದಳು, ಹೇಳಿದ ಮಾತು ಕೇಳುತ್ತಿದ್ದಳು, ತಟ್ಟೆ ತಾನೇ ತೊಳೆದಿಡುತ್ತಿದ್ದಳು. ಮನೆಗೆ ಬಂದ ನೆಂಟರ ಹತ್ತಿರ ಇರುತ್ತಾರಲ್ಲ, ಹಾಗಿದ್ದಳು. ಅವಳ ಪ್ರೀತಿಯೆಲ್ಲ ಸಂಜೆ ನಾಲ್ಕೂವರೆಗೆ, ಶಾಲೆಯ ಬ್ಯಾಗು ಇಳಿಸಿದ ಕೂಡಲೇ, ಕಂಪ್ಯೂಟರ್ ಮುಂದೆ ಶುರುವಾಗುತ್ತಿತ್ತು. ಆ ದಿನದ ಚೀಟಿಗಳನ್ನೆಲ್ಲ ಒಂದೊಂದಾಗಿ ತೆಗೆದು ಓದುವಳು. ಚೆಂದ ಕಂಡದ್ದನ್ನು ಒಂದು ನೀಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಳು. ನೋಟ್‌ಬುಕ್ಕಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಅಮ್ಮನ ಮಾತು’ ಎಂದು ಬರೆದು, ಸುತ್ತ ಬಳ್ಳಿ ಬಿಡಿಸಿದ್ದಳು. ರಾತ್ರಿ ಊಟದ ಹೊತ್ತಿಗೆ ಅದರ ಪಾರಾಯಣ.

“ಅಪ್ಪಾ, ಕೇಳು. ಅಮ್ಮ ಇವತ್ತು ಕೋಳಿಫಾರಂ ತಾತನಿಗೆ ಏನು ಬರ್ದಿದಾಳೆ ಗೊತ್ತಾ? ‘ಥೈರಾಯ್ಡು ಅಂದರೆ ಮನೆಯ ಹಿರೀಸೊಸೆ ಇದ್ದ ಹಾಗೆ, ಅವಳು ಒಂದು ದಿನ ಮುನಿಸಿಕೊಂಡರೆ ಇಡೀ ಮನೆ ಮಂಕು.’”

ಉಮಾಪತಿ ಮಿತಭಾಷಿ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂರುವ ಮನುಷ್ಯ. ಸಾಲುಚೀಟಿಯನ್ನು ತಾನಾಗಿ ಓದಿದವನೇ ಅಲ್ಲ. ಸಾರನ್ನ ಕಲಸುತ್ತ, “ಚೆನ್ನಾಗಿದೆ” ಎಂದ. ಒಂದು ಗಳಿಗೆ ಬಿಟ್ಟು, “ತುಂಬಾ ಚೆನ್ನಾಗಿದೆ” ಎಂದ. ಆ ಸಾರು ಮಾಡಿದವಳು ತಾನು. ಎರಡು ವರ್ಷದಲ್ಲಿ ಅದಕ್ಕೆ ಒಂದು ‘ಚೆನ್ನಾಗಿದೆ’ ಬಂದದ್ದು ದಾಕ್ಷಾಯಿಣಿಗೆ ನೆನಪಿರಲಿಲ್ಲ. ಎದ್ದು ಹೋಗಿ ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡಿದಳು.

ಆಮೇಲೆ ಇಂಚರಾಗೆ ಜ್ವರ ಬಂತು.

ಮೂರು ದಿನ ಕೆಂಡದಂಥ ಜ್ವರ. ದಾಕ್ಷಾಯಿಣಿ ಲ್ಯಾಬಿಗೆ ಇಳಿಯಲೇ ಇಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಗಂಜಿಯನ್ನು ಚಮಚ ಚಮಚವಾಗಿ ಕುಡಿಸಿದಳು, ವಾಂತಿ ಬಾಚಿದಳು. ಹುಡುಗಿಯ ಬಿಸಿ ಅಂಗಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಒಂದು ಆಸೆ ಹುಟ್ಟಿತು. ಹೇಳಿಕೊಳ್ಳಲು ನಾಚಿಕೆಯಾಗುವಂಥ ಆಸೆ. ಇವಳು ಕಣ್ಣು ಬಿಟ್ಟಾಗ ನನ್ನನ್ನೇ ನೋಡಲಿ, ನನ್ನನ್ನೇ ಕೇಳಲಿ. ಮೂರನೆಯ ದಿನ ಮಧ್ಯಾಹ್ನ ಡಾಕ್ಟರು ಪ್ಲೇಟ್‌ಲೆಟ್ ನೋಡಿಸಿ ಎಂದರು. ಉಮಾಪತಿಯೇ ಮೇಲೆ ಬಂದು ರಕ್ತ ತೆಗೆದುಕೊಂಡು ಹೋದ. ಅರ್ಧ ಗಂಟೆ ಬಿಟ್ಟು ದಾಕ್ಷಾಯಿಣಿ ಕೆಳಗಿಳಿದು, ಮೂರು ದಿನದ ಜ್ವರ ಎಂಬುದನ್ನೂ ಸೇರಿಸಿ ರಿಪೋರ್ಟು ಟೈಪು ಮಾಡಿದಳು. ಗಾಬರಿಯಲ್ಲಿ ಅಭ್ಯಾಸಬಲದಿಂದ ಅರ್ಧವಿರಾಮ ಒತ್ತಿ ‘ಪ್ಲೇ’ ಎಂದೂ ಹೊಡೆದಳು. ಬಂದದ್ದನ್ನು ಓದದೆ, ಪಿನ್ನು ಹೊಡೆದು ಮೇಲೆ ತಂದಳು.

ಅಂಕಿ ಸ್ವಲ್ಪ ಇಳಿದಿತ್ತು, ಹೆದರುವಷ್ಟಲ್ಲ. ಇಂಚರಾ ಕಣ್ಣು ಬಿಟ್ಟಳು. “ಚೀಟಿ ಇದೆಯಾ?” ಎಂದಳು. ಕೈಗೆ ತೆಗೆದುಕೊಂಡು ತುಟಿ ಅಲ್ಲಾಡಿಸುತ್ತ ಓದಿದಳು. ‘ಪುಟ್ಟಾ, ನಿನ್ನ ರಕ್ತದ ಕಾವಲುಗಾರರು ಮೂರು ದಿನದಿಂದ ನಿದ್ದೆ ಇಲ್ಲದೆ ದುಡಿದು ಸುಸ್ತಾಗಿದ್ದಾರೆ, ಅಷ್ಟೆ. ನೀನು ಮಲಗಿದರೆ ಅವರೂ ಮಲಗುತ್ತಾರೆ. ಎಳನೀರು ಕುಡಿ. ನಾನಿಲ್ಲೇ ಇದ್ದೀನಿ.’

ಹುಡುಗಿಯ ಒಣಗಿದ ಮುಖದ ಮೇಲೆ ನಗು ಬಂತು. “ಅಮ್ಮ ಇಲ್ಲೇ ಇದಾಳಂತೆ” ಎಂದು ಚೀಟಿಯನ್ನು ದಿಂಬಿನ ಕೆಳಗೆ ಸಿಕ್ಕಿಸಿಕೊಂಡು, ಗೋಡೆ ಕಡೆ ತಿರುಗಿ ಮಲಗಿದಳು. ದಾಕ್ಷಾಯಿಣಿಯ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಮೂರು ದಿನದಿಂದ ಇಲ್ಲೇ ಇದ್ದವಳು ಯಾರು? ಕೂಗಿ ಕೇಳಬೇಕೆನಿಸಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಎದೆಯಲ್ಲಿದ್ದುದು ದುಃಖವಲ್ಲ, ಶುದ್ಧ ಮತ್ಸರ.

ವಾರ ಕಳೆದು ಇಂಚರಾ ಶಾಲೆಗೆ ಹೋದಳು. ಆ ಬೆಳಿಗ್ಗೆಯೇ ದಾಕ್ಷಾಯಿಣಿ ಮೊಳಕೆಯ ಒಳಮನೆಗೆ ನುಗ್ಗಿದಳು. ಅದರ ಮೂಲೆಯ ಹಸಿರು ಗುರುತು ಒತ್ತಿ, ‘ವ್ಯವಸ್ಥೆ’ಗೆ ಹೋಗಿ, ‘ಬೇರುಗಳು’ ತೆರೆದಳು. ಅಲ್ಲಿ ಎರಡು ಸಾಲು. ಎರಡರ ಮುಂದೆಯೂ ಒಂದೇ ಹೆಸರು, ಮಂಗಳಾ. ಒಂದರ ಪಕ್ಕದಲ್ಲಿ ನಲವತ್ತು ಪುಟ, ಇನ್ನೊಂದರ ಪಕ್ಕದಲ್ಲಿ ಸಾವಿರದ ನೂರ ಅರವತ್ತು ಪುಟ. ಬೇರೆ ಏನೂ ಇಲ್ಲ.

ಎರಡೇಕೆ ಎಂದು ಕ್ಷಣ ಯೋಚಿಸಿದಳು. ಉತ್ತರ ತಾನಾಗಿ ಹೊಳೆಯಿತು. ಚಿಕ್ಕದು ತನ್ನದು, ಆರಂಭದಲ್ಲಿ ಅಲ್ಲಿ ಇಲ್ಲಿ ಒಂದೆರಡು ಪದ ತಿದ್ದಿದವಳು ತಾನು ತಾನೆ, ನಲವತ್ತು ಪುಟವೇ ಹೆಚ್ಚು. ಇಷ್ಟು ದೊಡ್ಡದು, ಇಡೀ ಊರನ್ನು ನಗಿಸಿ ಅಳಿಸುವಂಥದ್ದು, ಇನ್ಯಾರದಾಗಿರಲು ಸಾಧ್ಯ? ದೊಡ್ಡದರ ಮೇಲೆ ಬಾಣ ತಂದಳು. ‘ಈ ಬೇರನ್ನು ಕಿತ್ತರೆ ಮತ್ತೆ ಸಿಗುವುದಿಲ್ಲ. ಖಚಿತವೇ?’ ಎಂದಿತು ಮೊಳಕೆ.

ಹೂಂ ಎಂದು ಒತ್ತಿಬಿಟ್ಟಳು. ಒತ್ತಿದಾಗ ಹಾಯೆನಿಸಿತು, ಸುಳ್ಳೇಕೆ ಹೇಳಬೇಕು.

ಆ ಹಾಯಿ ಮೊದಲ ರೋಗಿ ಬರುವವರೆಗೂ ಉಳಿಯಲಿಲ್ಲ. ರಕ್ತ ಕಡಿಮೆಯಿದ್ದ ಕಾಲೇಜು ಹುಡುಗಿಯೊಬ್ಬಳ ರಿಪೋರ್ಟಿಗೆ ಅರ್ಧವಿರಾಮ ಒತ್ತಿ ‘ಹಿ’ ಎಂದು ಹೊಡೆದಳು. ಬಂದದ್ದು ಇಷ್ಟೇ: ‘ಹಿಮೋಗ್ಲೋಬಿನ್ ಕಡಿಮೆ ಇದೆ. ಸೊಪ್ಪು ತಿನ್ನುವುದು. ಡಾಕ್ಟರನ್ನು ಕಾಣುವುದು.’

ದಾಕ್ಷಾಯಿಣಿ ಪರದೆಯನ್ನೇ ನೋಡುತ್ತ ಕೂತಳು. ಓಹೋ, ಹಾಗಾದರೆ ಇದು ನಾನು. ಒಣ ಕಡ್ಡಿಯಂಥ ಈ ಮೂರು ಸಾಲು ನಾನು. ಇಷ್ಟಕ್ಕೆ ನಾನು ಅವಳ ಜೊತೆ ಪೈಪೋಟಿಗೆ ಇಳಿದಿದ್ದೆ. ಸಕ್ಕರೆಗೆ ‘ಸಿಹಿ ಬಿಡುವುದು’ ಎಂದು ಬಂತು. ಥೈರಾಯ್ಡಿಗೆ ‘ಮಾತ್ರೆ ತಪ್ಪಿಸಕೂಡದು’ ಎಂದು ಬಂತು. ಚೀಟಿ ತೆಗೆದುಕೊಂಡವರು ತಿರುವಿ ಹಿಂದೆ ನೋಡುತ್ತಿದ್ದರು, ಇನ್ನೇನಾದರೂ ಇದೆಯೇನೋ ಎಂದು. ಒಬ್ಬಾಕೆಯಂತೂ, “ಇವತ್ತು ಮಂಗಳಮ್ಮನೋರಿಗೆ ಮನಸ್ಸು ಸರಿ ಇಲ್ವಾ?” ಎಂದು ಕೇಳಿಯೇಬಿಟ್ಟಳು.

ಸಂಜೆ ನಾಲ್ಕೂವರೆಗೆ ಇಂಚರಾ ಬಂದಳು. ಬ್ಯಾಗು ಇಳಿಸಿದಳು, ನೋಟ್‌ಬುಕ್ ತೆಗೆದಳು, ಚೀಟಿಗಳನ್ನು ಓದಿದಳು. ಮತ್ತೊಮ್ಮೆ ಓದಿದಳು. ತಾನೇ ಒಂದೆರಡು ಗುರುತು ಹೊಡೆದು ನೋಡಿದಳು. ಅತ್ತಿದ್ದರೆ ದಾಕ್ಷಾಯಿಣಿಗೆ ಸುಲಭವಾಗುತ್ತಿತ್ತು. ಅಳಲಿಲ್ಲ. “ಅಮ್ಮ ಎಲ್ಲಿ ಹೋದ್ಲು?” ಎಂದು ಸಣ್ಣ ದನಿಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲು ಹತ್ತಿಹೋದಳು. ಆ ರಾತ್ರಿ ಊಟಕ್ಕೆ ಬರಲಿಲ್ಲ. ಪಾರಾಯಣವೂ ಇಲ್ಲ. ಉಮಾಪತಿ ತಟ್ಟೆಯ ಮುಂದೆ ಕೂತು, “ಏನಾಯ್ತು ದಾಕ್ಷಾ, ಕಂಪ್ಯೂಟರ್ ಕೆಟ್ಟಿದೆಯಂತೆ?” ಎಂದ.

“ಹೂಂ, ಏನೋ ಆಗಿದೆ” ಎಂದಳು.

“ನಾಳೆ ಮೈಸೂರಿಗೆ ಫೋನ್ ಮಾಡು. ಸರಿ ಮಾಡಿಸು. ಮಗು ಮುಖ ನೋಡಕ್ಕಾಗ್ತಿಲ್ಲ.” ಅಷ್ಟು ಹೇಳಿ ಅವನೂ ಅರ್ಧಕ್ಕೇ ಎದ್ದ. ದಾಕ್ಷಾಯಿಣಿಗೆ ಈಗ ನಿಜವಾಗಿ ಭಯವಾಯಿತು. ತಾನು ಕಿತ್ತದ್ದೆಂದು ತಿಳಿದರೆ ಆ ಹುಡುಗಿ ಜನ್ಮದಲ್ಲಿ ತನ್ನ ಮುಖ ನೋಡುವಳೇ?

ಮರುದಿನ ಬೆಳಿಗ್ಗೆ ಉಮಾಪತಿ ಒಳಗೆ ಕೆಲಸದಲ್ಲಿದ್ದಾಗ ಮೊಳಕೆಯ ಸಹಾಯ ಕೇಂದ್ರಕ್ಕೆ ಫೋನು ಹಚ್ಚಿದಳು. ಎತ್ತಿದವಳು ಫರ್ಹಾನಾ ಎಂಬ ಎಂಜಿನಿಯರು. ಹಿಂದಿನಿಂದ ಹತ್ತಾರು ಜನ ಮಾತಾಡುವ ಗಲಗಲ ಕೇಳುತ್ತಿತ್ತು. ದಾಕ್ಷಾಯಿಣಿ ಒಪ್ಪಿಗೆ ಒತ್ತಿದ ಮೇಲೆ ಪರದೆಯ ಬಾಣ ಯಾರೂ ಮುಟ್ಟದೆ ತಾನೇ ಓಡಾಡತೊಡಗಿತು.

“ಮೇಡಂ, ನಿನ್ನೆ ಬೆಳಿಗ್ಗೆ ಹತ್ತೂ ಹತ್ತಕ್ಕೆ ಒಂದು ಬೇರು ಡಿಲೀಟ್ ಆಗಿದೆ. ಕೈತಪ್ಪಿ ಒತ್ತಿದ್ರಾ?”

“ಹೂಂ... ಕೈತಪ್ಪಿ.”

“ಅಯ್ಯೋ. ಅದು ವಾಪಸ್ ತರೋಕಾಗಲ್ಲ ಮೇಡಂ. ಇಲ್ಲಿ ನಾವು ಯಾರ ಬರಹಾನೂ ಇಟ್ಕೊಳ್ಳೋದಿಲ್ಲ, ಎಲ್ಲ ನಿಮ್ಮ ಕಂಪ್ಯೂಟರಲ್ಲೇ ಇರೋದು.”

ದಾಕ್ಷಾಯಿಣಿ ಗೋಗರೆದಳು. “ಹಂಗನ್ಬೇಡ್ರಮ್ಮ. ಅದು ಸತ್ತುಹೋದೋರ ಬರಹ. ನಮ್ಮನೆ ಮಗು ತಾಯಿದು. ಏನಾದ್ರೂ ಮಾಡಿ.”

“ಸತ್ತುಹೋದೋರದಾ?” ಫರ್ಹಾನಾ ತಡೆದಳು. “ಒಂದ್ನಿಮಿಷ ಇರಿ. ದಿನಚರಿ ಅಂತ ಒಂದಿರುತ್ತೆ, ಯಾವ ಬೇರು ಯಾವಾಗ ಕಲೀತು ಅನ್ನೋದು ಮಾತ್ರ ಅದರಲ್ಲಿ ಬರ್ದಿರುತ್ತೆ. ನೋಡ್ತೀನಿ.” ಬಾಣ ಓಡಿತು. ಒಂದು ಪಟ್ಟಿ ತೆರೆಯಿತು. “ಅವರು ತೀರ್ಕೊಂಡಿದ್ದು ಯಾವಾಗ ಮೇಡಂ?”

“ನಾಲ್ಕು ವರ್ಷ ಆಗ್ತಾ ಬಂತು. ಬರೋ ಕಾರ್ತಿಕಕ್ಕೆ.”

“ಹಾಗಿದ್ರೆ ಅವರದು ಚಿಕ್ಕದು, ನಲವತ್ತು ಪುಟದ್ದು. ಅದು ಇನ್ನೂ ಇದೆ, ಹೆದರ್ಕೋಬೇಡಿ. ಅದು ಕೊನೇ ಸಲ ಕಲ್ತಿದ್ದು ನಾಲ್ಕು ವರ್ಷದ ಹಿಂದೆ. ಡಿಲೀಟ್ ಆಗಿರೋದು ಎರಡನೇ ಕೈದು. ಅದು ಶುರುವಾಗಿರೋದು...” ಫರ್ಹಾನಾ ಒಂದು ತಾರೀಕು ಹೇಳಿದಳು. ಎರಡು ವರ್ಷದ ಹಿಂದಿನ ಒಂದು ಸೋಮವಾರ.

ಫರ್ಹಾನಾಗೆ ತನ್ನ ವಿದ್ಯೆಯ ಉತ್ಸಾಹ. “ಬೆರಳಿನ ಲಯ ನೋಡಿದ್ರೆ ಎರಡೂ ಬೇರೆ ಕೈ ಅಂತ ಚೆನ್ನಾಗಿ ಗೊತ್ತಾಗುತ್ತೆ. ಮೊದಲನೆಯೋರು ಟಕಟಕ ಅಂತ ಒಂದೇ ವೇಗ. ಎರಡನೆಯೋರ ಎಡಗೈ ಕಿರುಬೆರಳು ಪ್ರತಿ ಸಲಾನೂ ಒಂಚೂರು ತಡವಾಗಿ ಬೀಳುತ್ತೆ. ಮೊದಲು ಅವರು ಮೊದಲನೇ ಬೇರಿನ ಸಾಲುಗಳನ್ನೇ ತಿದ್ದಿದಾರೆ. ಆರು ತಿಂಗಳಾದ ಮೇಲೆ ಮೊಳಕೆ ಆ ಹಳೇ ಬೇರನ್ನ ಮುಟ್ಟೇ ಇಲ್ಲ, ಎಲ್ಲಾನೂ ಇವರ ರೀತಿಲೇ ಬರ್ದಿದೆ. ಹೆಸರು ಮಾತ್ರ ಯಾರೂ ಬದಲಿಸಿಲ್ಲ. ಯಾರು ಮೇಡಂ ಅವರು?”

ದಾಕ್ಷಾಯಿಣಿ ತನ್ನ ಎಡಗೈಯನ್ನು ನೋಡಿಕೊಂಡಳು. ಏಳನೆಯ ವಯಸ್ಸಿನಲ್ಲಿ ಖಾನಾವಳಿಯ ರುಬ್ಬುಗುಂಡಿನ ಕೆಳಗೆ ಸಿಕ್ಕಿ ಜಜ್ಜಿಹೋಗಿದ್ದ ಕಿರುಬೆರಳು ಇಂದಿಗೂ ಪೂರ್ತಿ ಮಡಚುತ್ತಿರಲಿಲ್ಲ.

ಮಜ್ಜಿಗೆಯ ಮಾತು. ಹಿರೀಸೊಸೆಯ ಮಾತು. ‘ನಾನಿಲ್ಲೇ ಇದ್ದೀನಿ.’ ಎರಡು ವರ್ಷ ತಾನು ಉರಿದುಕೊಂಡದ್ದೆಲ್ಲ ತನ್ನ ಮೇಲೆಯೇ. ಕೊನೆಗೆ ಕಿತ್ತೆಸೆದದ್ದೂ ತನ್ನನ್ನೇ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

“ಮೇಡಂ, ಇದೀರಾ? ಬರ್ದೋರು ಅಲ್ಲೇ ಇದ್ರೆ ಯೋಚನೆ ಇಲ್ಲ. ಅವರು ಕೂತು ಹಳೇ ಸಾಲುಗಳನ್ನ ಒಂದಷ್ಟು ಮತ್ತೆ ಹೊಡೆದ್ರೆ ಹೊಸ ಬೇರು ಬಿಡುತ್ತೆ. ಬೇಕಿದ್ರೆ ಈ ದಿನಚರಿ ಪ್ರಿಂಟ್ ತೆಗೆದುಕೊಳ್ಳಿ.”

ಪ್ರಿಂಟು ತೆಗೆದಳು. ಒಂದೇ ಹಾಳೆ. ತಾರೀಕು, ಲಯ, ಕಿರುಬೆರಳು, ಎಲ್ಲ ಅದರಲ್ಲಿತ್ತು. ಮಧ್ಯಾಹ್ನವೆಲ್ಲ ಆ ಹಾಳೆಯನ್ನು ಕೈಯಲ್ಲಿ ಹಿಡಿದೇ ಇದ್ದಳು. ರುದ್ರಯ್ಯನ ಮುಖಕ್ಕೆ ಹಿಡಿಯಬೇಕು, ಯಾರು ಯಾರಿಂದ ಕಲಿಯಬೇಕು ನೋಡಿ ಯಜಮಾನ್ರೇ ಎನ್ನಬೇಕು. ಗಂಡನ ಊಟದ ತಟ್ಟೆಯ ಪಕ್ಕ ಇಡಬೇಕು. ಎಲ್ಲಕ್ಕಿಂತ ಮೊದಲು ಇಂಚರಾಳ ನೀಲಿ ನೋಟ್‌ಬುಕ್ಕಿನ ಮೇಲೆ ಅಂಟಿಸಬೇಕು. ಹೀಗೆ ಆಸೆಪಡುತ್ತ ಪಡುತ್ತ ಗಡಿಯಾರ ನಾಲ್ಕೂವರೆಯಾಯಿತು.

ಇಂಚರಾ ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು; ಶಾಲೆಯಲ್ಲೂ ಅತ್ತಿರಬೇಕು. “ಸರಿ ಹೋಯ್ತಾ ಚಿಕ್ಕಮ್ಮ?” ಎಂದಳು. “ಅಮ್ಮ ಸಿಕ್ಕಿದ್ಲಾ?”

ಆ ಹಾಳೆ ತೋರಿಸಿದರೆ ತಾನು ಗೆದ್ದಂತೆ. ಮಗುವಿನ ಪಾಲಿಗೆ ತಾಯಿ ಎರಡನೆಯ ಸಲ ಹೋದಂತೆ. ದಾಕ್ಷಾಯಿಣಿ ಹಾಳೆಯನ್ನು ಮಗುಚಿ ಮೇಜಿನ ಖಾನೆಗೆ ಹಾಕಿದಳು. ಹಾಕುವಾಗ ಕೈ ಹಿಂದೇಟು ಹಾಕಿತು. ದೊಡ್ಡ ಮನಸ್ಸಿನವಳಲ್ಲ ಅವಳು. ಆದರೂ ಹಾಕಿದಳು.

“ಸರಿ ಹೋಗುತ್ತೆ. ನಿನ್ನ ನೋಟ್‌ಬುಕ್ ತಗೊಂಬಾ. ಅದರಲ್ಲಿರೋದನ್ನೆಲ್ಲ ಮತ್ತೆ ಹೊಡೆದು ಇದಕ್ಕೆ ಕಲಿಸ್ಬೇಕಂತೆ. ನೀನು ಓದು, ನಾನು ಹೊಡೀತೀನಿ.”

ಹುಡುಗಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಮೊದಲ ಪುಟದಿಂದ ನಿಧಾನವಾಗಿ, ಮೇಷ್ಟ್ರು ಉಕ್ತಲೇಖನ ಕೊಡುವ ಹಾಗೆ ಓದತೊಡಗಿದಳು. ದಾಕ್ಷಾಯಿಣಿ ಹೊಡೆಯುತ್ತ ಹೋದಳು. ನಾಲ್ಕು ಸಾಲಾಯಿತು, ಹತ್ತು ಸಾಲಾಯಿತು. ಮಾತುಗಳು ಬೆರಳಿಗೆ ಎಷ್ಟು ಹಗುರಾಗಿ ಬರುತ್ತಿದ್ದವೆಂದರೆ, ಅವಳ ಮನಸ್ಸು ಎತ್ತಲೋ ಹೋಯಿತು. ದಾವಣಗೆರೆಯ ಆ ಒಲೆ, ಅವ್ವನ ಜೋರು ಬಾಯಿ, ಊಟಕ್ಕೆ ಬಂದವರನ್ನೆಲ್ಲ ಅವಳು ರೇಗಿಸಿ ನಗಿಸುತ್ತಿದ್ದುದು.

“ಚಿಕ್ಕಮ್ಮ.”

“ಊಂ, ಓದು.”

“ನಾನಿನ್ನೂ ಓದೇ ಇಲ್ಲ. ನೀವು ಆಗ್ಲೇ ಹೊಡೆದ್ಬಿಟ್ರಿ.”

ದಾಕ್ಷಾಯಿಣಿಯ ಕೈ ನಿಂತಿತು. ಇಂಚರಾ ನೋಟ್‌ಬುಕ್ ನೋಡಿದಳು, ಪರದೆ ನೋಡಿದಳು. ಎರಡೂ ಕಡೆ ಒಂದೇ ಸಾಲು, ಅಕ್ಷರ ಕೂಡ ಹೆಚ್ಚುಕಡಿಮೆಯಿಲ್ಲ. ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು, ಕಾಣದ ಹಾಗೆ ಮರೆಮಾಡಿ, ನಡುವಿನ ಒಂದು ಪುಟ ತಿರುವಿ, “ಕಾಮಾಲೆ ಬಂದೋರ ಕಣ್ಣು...” ಎಂದು ಓದಿ ನಿಲ್ಲಿಸಿದಳು. ಕಾದಳು.

ಮರೆತಂತೆ ನಟಿಸಬಹುದಿತ್ತು. ನಟಿಸಲು ದಾಕ್ಷಾಯಿಣಿಯ ಬೆರಳು ಬಿಡಲಿಲ್ಲ. ‘...ಅರಿಶಿನದ ಕೈಯಲ್ಲಿ ಉಜ್ಜಿಕೊಂಡ ಹಾಗಿರುತ್ತೆ. ತೊಳೆದರೆ ಹೋಗಲ್ಲ, ತಾಳಿದರೆ ಹೋಗುತ್ತೆ. ಎಣ್ಣೆ ಬಾಣಲೆಯ ಹತ್ತಿರ ಸುಳಿಯಬೇಡಿ.’

ಇಂಚರಾ ಇನ್ನೊಂದು ಅರ್ಧ ಓದಿದಳು. ಉಳಿದರ್ಧ ಪರದೆಯ ಮೇಲೆ ಬಂತು. ಮತ್ತೊಂದು. ಕೊನೆಗೆ ದಿಂಬಿನ ಕೆಳಗಿದ್ದು ಸುಕ್ಕಾಗಿದ್ದ ಚೀಟಿಯನ್ನು ನೋಟ್‌ಬುಕ್ಕಿನಿಂದ ತೆಗೆದು, ಅದನ್ನು ಓದಲು ಬಾಯಿ ತೆರೆದು, ಓದದೆ ಮಡಚಿದಳು.

“ಇದೂ ನೀವೇನಾ?”

“ನಂಗೂ ಇವತ್ತೇ ಗೊತ್ತಾಗಿದ್ದು ಕಂದಾ” ಎಂದಳು ದಾಕ್ಷಾಯಿಣಿ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. “ನಿಮ್ಮಮ್ಮಂದು ಅನ್ಕೊಂಡು ಹೊಟ್ಟೆ ಉರಿಗೆ ನಾನೇ ಕಿತ್ತೆ. ಕಂಪ್ಯೂಟರ್ ಕೆಟ್ಟಿರಲಿಲ್ಲ.”

ಹುಡುಗಿ ಮಡಚಿದ ಚೀಟಿಯ ಸುಕ್ಕನ್ನು ಬೆರಳಿನಿಂದ ಸವರಿದಳು. ಒಳಗೆ ಉಮಾಪತಿಯ ಯಂತ್ರ ಗುಂಯ್ಗುಡುತ್ತಿತ್ತು. “ಹಾಗಾದ್ರೆ ಅಮ್ಮ ಬರ್ದಿದ್ದು ಯಾವುದು?” ಎಂದಳು. ದಾಕ್ಷಾಯಿಣಿ ಚಿಕ್ಕ ಬೇರನ್ನು ತೆರೆದು, ಅರ್ಧವಿರಾಮ ಒತ್ತಿ ‘ಹಿ’ ಎಂದು ಹೊಡೆದಳು. ‘ಹಿಮೋಗ್ಲೋಬಿನ್ ಕಡಿಮೆ ಇದೆ. ಸೊಪ್ಪು ತಿನ್ನುವುದು. ಡಾಕ್ಟರನ್ನು ಕಾಣುವುದು.’

ಇಂಚರಾ ಅದನ್ನೇ ದಿಟ್ಟಿಸಿದಳು. ಹುಬ್ಬು ಗಂಟಾಯಿತು. ಆಮೇಲೆ, ಮಳೆ ನಿಂತ ಮೇಲೆ ಬಿಸಿಲು ಬಂದ ಹಾಗೆ, ಜೋರಾಗಿ ನಕ್ಕುಬಿಟ್ಟಳು. “ಅಮ್ಮ! ಅಮ್ಮ ಹಿಂಗೇ ಮಾತಾಡ್ತಿದ್ದಿದ್ದು! ‘ಹಾಲು ಕುಡಿ. ಕಾಲು ತೊಳಿ. ಮಲಕ್ಕೊ.’ ನಂಗೆ ಮರ್ತೇ ಹೋಗಿತ್ತು ಚಿಕ್ಕಮ್ಮ. ಜಡೆ ಹಾಕೋವಾಗ ಬಾಚಣಿಗೆಲಿ ತಲೆಗೆ ಟಕ್ ಅಂತ ಒಂದು ಕೊಡೋಳು, ‘ಅಲ್ಲಾಡಬಾರ್ದು’ ಅಂತ.” ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ತನ್ನ ನಡುನೆತ್ತಿಯನ್ನು ತಾನೇ ಮುಟ್ಟಿ ನೋಡಿಕೊಂಡಳು, ಆ ಬಾಚಣಿಗೆಯ ಪೆಟ್ಟು ಇನ್ನೂ ಅಲ್ಲಿದೆಯೇನೋ ಎಂಬಂತೆ. ಎರಡು ವರ್ಷ ಅವಳು ಓದಿ ಓದಿ ಮುದ್ದಾಡಿದ ಅಮ್ಮ ಬೇರೆ ಯಾರೋ. ಈ ಒಣ ಸಾಲಿನವಳೇ ಅವಳ ಅಮ್ಮ.

ಅಷ್ಟರಲ್ಲಿ ಪರದೆಯ ಮೇಲೆ ಚೌಕ ಎದ್ದು ಬಂತು. ‘ಹೊಸ ಕೈ ಕಾಣಿಸುತ್ತಿದೆ. ಹೆಸರು ಬದಲಿಸಲೇ?’

ಇಂಚರಾ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು ‘ಹೂಂ’ ಒತ್ತಿದಳು. ಹೆಸರಿನ ಜಾಗದಲ್ಲಿ ಒಂದೊಂದೇ ಅಕ್ಷರವಾಗಿ ಹೊಡೆದಳು: ಚಿಕ್ಕಮ್ಮ. ನೋಟ್‌ಬುಕ್ಕಿನ ಮೇಲಿನ ಹೆಸರಿಗೂ ಸ್ಕೆಚ್ ಪೆನ್ನು ಹುಡುಕಿದಳು. ‘ಅಮ್ಮನ ಮಾತು’ ಎಂಬುದನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗೆ, ಬಳ್ಳಿಯ ಒಳಗೇ ಜಾಗ ಮಾಡಿಕೊಂಡು, ‘ಚಿಕ್ಕಮ್ಮನ ಮಾತು’ ಎಂದು ಬರೆದಳು. ಕೊನೆಯ ಪುಟ ತಿರುವಿ, ಸೊಪ್ಪು ತಿನ್ನುವುದು, ಡಾಕ್ಟರನ್ನು ಕಾಣುವುದು ಎಂದು ದುಂಡಗೆ ಇಳಿಸಿಕೊಂಡಳು.

“ಚಿಕ್ಕಮ್ಮ, ಒಂದು ಮಾತು. ಊರೋರಿಗೆಲ್ಲ ನೀವು ಬರೀರಿ. ನಂಗೆ ಜ್ವರ ಬಂದ್ರೆ ಮಾತ್ರ ಅಮ್ಮಂದೇ ಹಾಕ್ಬೇಕು.”

“ಆಯ್ತು” ಎಂದಳು ದಾಕ್ಷಾಯಿಣಿ.

ಸಾವಿರದ ನೂರ ಅರವತ್ತು ಪುಟ ಬರೆದವಳು ತಾನು. ಇಂಚರಾಳ ಆ ನಗು ಬಂದದ್ದು ಮೂರು ಒಣ ಸಾಲಿಗೆ. ಈ ಸಲ ಹೊಟ್ಟೆ ಉರಿದದ್ದು ಸರಿಯಾದವಳ ಮೇಲೆಯೇ.

“ಮುಂದಿಂದು ಓದ್ಲಾ?” ಎಂದು ಕೇಳುತ್ತ ಇಂಚರಾ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದು, ಮೊಣಕೈಯನ್ನು ಅವಳ ತೊಡೆಯ ಮೇಲೆ ಊರಿಕೊಂಡಳು.

“ಓದು” ಎಂದಳು ದಾಕ್ಷಾಯಿಣಿ.